ಅನ್ನ ಏಕೆ ಚೆಲ್ಲಿದರು?

ಏಪ್ರಿಲ್ ತಿಂಗಳು. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಬೆಳಗ್ಗೆ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಅಂದು ಗೌರಿಯ ಮನೆಗೆ ಬೀಗರು ಬಂದಿದ್ದರು. ಅವ್ವ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಅನ್ನ ಮಾಡಿದ್ದಳು. ಒಂದು ಗಂಟೆಗೆ ಎಲ್ಲರ ಊಟವಾಯಿತು. ಬೀಗರನ್ನು ಬಸ್ಸಿಗೆ ಹತ್ತಿಸಿ ಬರುವ ಗಡಿಬಿಡಿಯಲ್ಲಿ ಪಾತೇಲಿಯಲ್ಲಿ ಉಳಿದ ಅನ್ನವನ್ನು ಯಾರೂ ನೆನೆಯಲಿಲ್ಲ.

ರಾತ್ರಿ ಎಂಟು ಗಂಟೆಗೆ ತಮ್ಮ ಈರಣ್ಣ, "ಅವ್ವಾ, ಹಸಿವು" ಎಂದ. ಅಜ್ಜಿ ಪಾತೇಲಿಯ ಮುಚ್ಚಳ ತೆಗೆದು ಮೂಸಿ ನೋಡಿದಳು.

"ವಾಸನೆ ಏನೂ ಬಂದಿಲ್ಲ. ಒಗ್ಗರಣೆ ಹಾಕಿ ಕೊಡವ್ವಾ" ಎಂದಳು.

"ಬೇಡ ಅತ್ತೆ. ಏಳು ತಾಸಿನಿಂದ ಈ ಸೆಕೆಯಲ್ಲಿ ಕುಳಿತ ಅನ್ನ ಅದು" ಎಂದಳು ಅವ್ವ.

ಅಜ್ಜಿಗೆ ಸಿಟ್ಟು ಬಂತು. ಹುಡುಗಿಯಾಗಿದ್ದಾಗ 1972ರ ಬರಗಾಲದಲ್ಲಿ ತಾಯಿಯ ಜೊತೆ ಖಡಿ ಒಡೆಯಲು ಹೋದವಳು ಆಕೆ. "ಅನ್ನ ಚೆಲ್ಲುವುದೇ? ಒಂದೊಂದು ಅಗುಳಿಗೂ ನಾವು ಬಾಯಿ ಬಿಟ್ಟದ್ದು ನಿಮಗೇನು ಗೊತ್ತು! ಚೆನ್ನಾಗಿ ಕಾಯಿಸಿದರೆ ಆಯಿತಲ್ಲ."

ಅವ್ವ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವವಳು. ಅವಳು ಮೆಲ್ಲಗೆ ಹೇಳಿದಳು: "ಸಾರನ್ನು ಆಗಾಗ ಕುದಿಸಿ ಇಡುತ್ತೇವೆ, ಸರಿ. ಆದರೆ ಅನ್ನದ ಮಾತು ಬೇರೆ, ಅತ್ತೆ."

ಬೇರೆ ಹೇಗೆ? ಮಕ್ಕಳೇ, ಇದನ್ನು ಸ್ವಲ್ಪ ನಿಧಾನವಾಗಿ ಓದಿರಿ. ಮಣ್ಣಿನಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಇರುತ್ತದೆ. ಅಕ್ಕಿಯ ಜೊತೆ ಅದು ಮನೆಗೂ ಬರುತ್ತದೆ. ಕಷ್ಟಕಾಲದಲ್ಲಿ ಅದು ಗಟ್ಟಿ ಕವಚದ ಬೀಜಕವಾಗಿ ಮಲಗಿಬಿಡುತ್ತದೆ. ಅನ್ನ ಕುದಿಯುವಾಗಲೂ ಎಷ್ಟೋ ಬೀಜಕಗಳು ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಉಳಿದರೆ ಅವು ಎಚ್ಚರಗೊಂಡು ಒಂದಕ್ಕೆರಡು, ಎರಡಕ್ಕೆ ನಾಲ್ಕು ಎಂದು ಬೆಳೆಯುತ್ತವೆ. ಬೆಳೆಯುತ್ತಾ ಅನ್ನದಲ್ಲಿ ಒಂದು ವಿಷವನ್ನು ಬಿಡಬಲ್ಲವು. ಮತ್ತೆ ಕಾಯಿಸಿದರೆ ಜೀವಿ ಸತ್ತೀತು, ಆ ವಿಷ ಮಾತ್ರ ಹೋಗುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅಂಥ ಅನ್ನ ಉಂಡವರಿಗೆ ಕೆಲವು ತಾಸುಗಳಲ್ಲೇ ವಾಂತಿ ಶುರುವಾಗುತ್ತದೆ. ಅಜ್ಜಿಯ ಮೂಗು ಚುರುಕಾದದ್ದೇ, ಆದರೆ ಇಲ್ಲಿ ಅದು ನೆರವಿಗೆ ಬರಲಾರದು.

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಕಾವು ಇಂಥ ಜೀವಿಗಳಿಗೆ ಬಲು ಇಷ್ಟ. ನಮ್ಮ ಸೊಲ್ಲಾಪುರದ ಕಡೆ ಬೇಸಿಗೆಯಲ್ಲಿ ಬಿಸಿಲೇ 40 ಡಿಗ್ರಿ ದಾಟುತ್ತದೆ! ಆದ್ದರಿಂದ ಬೇಯಿಸಿದ ಅಡುಗೆಯನ್ನು ಎರಡು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು. ಕಡು ಬೇಸಿಗೆಯಲ್ಲಿ ಒಂದೇ ತಾಸು.

ಗೌರಿಗೆ ಒಂದು ಸಂಶಯ ಬಂತು. "ಬುಟ್ಟಿಯಲ್ಲಿರುವ ಕಡಕ್ ರೊಟ್ಟಿ ಮಾಡಿ ಹದಿನೈದು ದಿನವಾಯಿತು. ಅದೇಕೆ ಕೆಟ್ಟಿಲ್ಲ, ಅಜ್ಜಿ?"

ಅಜ್ಜಿಯ ಮುಖ ಅರಳಿತು. "ಅದರಲ್ಲಿ ನೀರಿನ ಪಸೆಯೇ ಇಲ್ಲ, ಮಗಾ. ಹೆಂಚಿನ ಮೇಲೆ ಬೇಯಿಸಿ, ಆಮೇಲೆ ಒಣಗಿಸಿ ಕಡಕ್ ಮಾಡುತ್ತೇವೆ. ಒದ್ದೆ ಕೈಯಲ್ಲಿ ಮುಟ್ಟಿದರೆ ನಾಲ್ಕೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಶೇಂಗಾ ಚಟ್ನಿಗೂ ಉಪ್ಪಿನಕಾಯಿಗೂ ಒಣ ಚಮಚವೇ ಬೇಕು ಎಂದು ನಾನು ಸುಮ್ಮನೆ ಬೈಯುತ್ತೇನೆಯೇ?"

"ಬೂಷ್ಟು ಹಿಡಿದ ಶೇಂಗಾವನ್ನೂ ನೀವು ಆರಿಸಿ ಎಸೆಯುತ್ತೀರಿ" ಎಂದಳು ಅವ್ವ.

ಅಜ್ಜಿ ಮಾಡುವುದು ಸರಿಯಾದ ಕೆಲಸ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟಿನ ವಿಷ ಸೇರಿದ್ದ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

"ಹಾಗಾದರೆ ಉಳಿದ ಅನ್ನವನ್ನು ಯಾವಾಗಲೂ ಚೆಲ್ಲಬೇಕೇ?" ಅಜ್ಜಿ ಮತ್ತೆ ಕೇಳಿದಳು. ಅವಳ ಮನಸ್ಸಿನಲ್ಲಿ ಇನ್ನೂ ಅದೇ ಇತ್ತು.

"ಇಲ್ಲ ಅತ್ತೆ. ಊಟವಾದ ಕೂಡಲೇ ಅಗಲವಾದ ತಾಟಿನಲ್ಲಿ ಹರವಿದರೆ ಬೇಗ ಆರುತ್ತದೆ. ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಉಣ್ಣಬಹುದು. ಉಣ್ಣುವಷ್ಟನ್ನೇ ತೆಗೆದು, ನಡುವಿನಿಂದಲೂ ಹಬೆ ಏಳುವಂತೆ ಕೈಯಾಡಿಸುತ್ತಾ ಕಾಯಿಸಬೇಕು, ಅದೂ ಒಂದೇ ಸಲ. ಇವತ್ತು ತಪ್ಪು ನನ್ನದೇ, ನಾನೇ ಮರೆತೆ."

ನಮ್ಮಲ್ಲಿ ಫ್ರಿಜ್ ಇಲ್ಲದ ಮನೆಗಳೂ ಇವೆ. ಅಲ್ಲಿ ಅಳೆದು ಬೇಯಿಸುವುದೇ ಉಪಾಯ. ಹಾಲನ್ನು ಕಾಯಿಸಿ, ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟು, ಸಂಜೆ ಮತ್ತೆ ಕಾಯಿಸುತ್ತಾರೆ. ಹೋಳಿಗೆಯ ಹೂರಣವೂ ಬೇಗ ಹಳಸುತ್ತದೆ, ಅದನ್ನು ಉಳಿಸದಿರುವುದೇ ಮೇಲು. ಸಂಶಯ ಬಂದ ಪದಾರ್ಥವನ್ನು ನಾಲಿಗೆಯ ಮೇಲಿಟ್ಟು ಪರೀಕ್ಷೆ ಮಾಡಬೇಡಿರಿ.

ಅನ್ನ ತಿಪ್ಪೆಗೆ ಹೋಯಿತು. ಅಜ್ಜಿ ಅದನ್ನು ನೋಡಲಾರದೆ ಒಳಗೆ ಹೋದಳು. ಈರಣ್ಣ ಕಡಕ್ ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿ, ಶೇಂಗಾ ಚಟ್ನಿ ಹಚ್ಚಿಕೊಂಡು ಕಟಕಟ ತಿಂದ. ಮರುದಿನ ಅಕ್ಕಿಯ ಡಬ್ಬಿಯ ಮುಂದೆ ಅಜ್ಜಿಯೇ ಲೋಟ ಹಿಡಿದು ಕುಳಿತಿದ್ದಳು. "ಎಷ್ಟು ಮಂದಿ ಉಣ್ಣುವವರು? ಮೊದಲು ಅದನ್ನು ಹೇಳಿ" ಎಂದಳು.

ಅಭ್ಯಾಸ

1. ಅನ್ನವನ್ನು ಮತ್ತೆ ಕಾಯಿಸಿದರೂ ಅವ್ವ ಏಕೆ ಒಪ್ಪಲಿಲ್ಲ?
2. ಅಜ್ಜಿಗೆ ಸಿಟ್ಟು ಬಂದದ್ದು ಏಕೆ? ನಿಮ್ಮ ಮಾತಿನಲ್ಲಿ ಹೇಳಿರಿ.
3. ಮಾಡಿ ನೋಡಿರಿ: ರೊಟ್ಟಿಯ ಎರಡು ಚೂರುಗಳನ್ನು ಎರಡು ಗಾಜಿನ ಸೀಸೆಗಳಲ್ಲಿ ಹಾಕಿರಿ. ಒಂದಕ್ಕೆ ಮಾತ್ರ ನೀರು ಚಿಮುಕಿಸಿ, ಎರಡನ್ನೂ ಮುಚ್ಚಿರಿ. ಐದು ದಿನ ಹೊರಗಿನಿಂದಲೇ ನೋಡಿ, ಕಂಡದ್ದನ್ನು ಬರೆಯಿರಿ. ಸೀಸೆಯನ್ನು ತೆರೆಯಬೇಡಿರಿ.