‘ಥ್ರೋ ಔಟ್’: ಅರ್ಥ ಮತ್ತು ಬಳಕೆ

ಆಂಗ್ಲ ಭಾಷೆಯಲ್ಲಿ ಕ್ರಿಯಾಪದವು ‘ಔಟ್’, ‘ಆಫ್’, ‘ಅಪ್’ ಮುಂತಾದ ಕಿರುಪದಗಳೊಡನೆ ಸೇರಿ ಹೊಸ ಅರ್ಥ ಪಡೆಯುವುದುಂಟು. ‘ಥ್ರೋ’ ಎಂದರೆ ಎಸೆ. ‘ಥ್ರೋ ಔಟ್’ ಎಂಬುದು ವಸ್ತುವಿನ ವಿಷಯದಲ್ಲಿ ಬಿಸಾಡು, ಅರ್ಜಿಯ ವಿಷಯದಲ್ಲಿ ತಳ್ಳಿಹಾಕು, ವ್ಯಕ್ತಿಯ ವಿಷಯದಲ್ಲಿ ಹೊರದಬ್ಬು ಎಂಬ ಅರ್ಥಗಳನ್ನು ಕೊಡುತ್ತದೆ.

‘ದಿ ಕೋರ್ಟ್ ಥ್ರೂ ಔಟ್ ದಿ ಪೆಟಿಷನ್’ ಎಂದು ಪತ್ರಿಕೆಯಲ್ಲಿದ್ದರೆ ನ್ಯಾಯಾಲಯವು ಅರ್ಜಿಯನ್ನು ತಿರಸ್ಕರಿಸಿತು ಎಂದರ್ಥ. ಅರ್ಜಿದಾರರನ್ನು ಹೊರಗಟ್ಟಿತು ಎಂದಲ್ಲ. ‘ಥ್ರೂ’ ಎಂಬುದು ಭೂತಕಾಲದ ರೂಪ.

ವಾಕ್ಯರಚನೆಯಲ್ಲಿ ಒಂದು ನಿಯಮವುಂಟು. ಹೆಸರಿನ ಬದಲು ಸರ್ವನಾಮ ಬಂದರೆ ಅದು ನಡುವೆಯೇ ನಿಲ್ಲಬೇಕು: ‘ಥ್ರೋ ಹಿಮ್ ಔಟ್’ ಸರಿ, ‘ಥ್ರೋ ಔಟ್ ಹಿಮ್’ ತಪ್ಪು. ಸ್ಥಳವನ್ನು ಹೇಳುವಾಗ ‘ಆಫ್’ ಸೇರುತ್ತದೆ: ‘ಹಿ ವಾಸ್ ಥ್ರೋನ್ ಔಟ್ ಆಫ್ ದಿ ಮೀಟಿಂಗ್’, ಅಂದರೆ ಆತನನ್ನು ಸಭೆಯಿಂದ ಹೊರಹಾಕಲಾಯಿತು.

ಈ ಕೊನೆಯ ವಾಕ್ಯವನ್ನು ಎಚ್ಚರದಿಂದ ಓದಬೇಕು. ಆತನನ್ನು ಕೈಹಿಡಿದು ಎಳೆದರೋ, ಹೊರಹೋಗುವಂತೆ ಗದರಿಸಿದರೋ ಎಂಬುದು ಇದರಿಂದ ತಿಳಿಯುವುದಿಲ್ಲ. ಆಜ್ಞೆ ಮಾಡಿದವರು ಯಾರು, ಕಾರಣವೇನು ಎಂಬುದೂ ತಿಳಿಯುವುದಿಲ್ಲ. ಕನ್ನಡದ ‘ಕತ್ತು ಹಿಡಿದು ನೂಕಿದರು’ ಎಂಬ ಮಾತಿನಂತೆ ಇದರಲ್ಲಿಯೂ ಒರಟುತನದ ಧ್ವನಿಯಿದೆ. ಇದು ಆಡುಮಾತಿಗೂ ಸುದ್ದಿಯ ಶೀರ್ಷಿಕೆಗೂ ಒಪ್ಪುವ ಪದ, ಕಡತಕ್ಕೆ ಒಪ್ಪುವುದಲ್ಲ.

ಮತದಾರರ ಪಟ್ಟಿಯಲ್ಲಿರುವವರೆಲ್ಲರೂ ಗ್ರಾಮಸಭೆಯ ಸದಸ್ಯರು. ಗದ್ದಲದ ನಡುವೆ ಅಧ್ಯಕ್ಷರ ಸೂಚನೆಯಂತೆ ತಾವಾಗಿಯೇ ಎದ್ದುಹೋದ ಗ್ರಾಮಸ್ಥರ ಕುರಿತು ಆಂಗ್ಲ ವರದಿಯಲ್ಲಿ ‘ಥ್ರೋನ್ ಔಟ್’ ಎಂದು ಬರೆದರೆ, ಮುಂದೆ ದೂರಿನ ವಿಚಾರಣೆಯಲ್ಲಿ ಬಲಪ್ರಯೋಗ ನಡೆದಿತ್ತೆಂಬ ಅರ್ಥಕ್ಕೆ ಎಡೆಯಾಗಬಹುದು. ನಿಜವಾಗಿ ದಬ್ಬಿದ್ದರೆ, ‘ಹೊರನಡೆದರು’ ಎಂದು ಬರೆಯುವುದೂ ಅಷ್ಟೇ ತಪ್ಪು. ಅನ್ಯಾಯವಾದವರ ಮಾತಿಗೆ ದಾಖಲೆಯೇ ಇಲ್ಲದಂತಾಗುತ್ತದೆ.

ಅಧಿಕೃತ ಬರವಣಿಗೆಗೆ ಬೇರೆ ಪದಗಳಿವೆ. ಮನೆ ಅಥವಾ ಜಮೀನಿನಿಂದ ಕಾನೂನಿನಂತೆ ತೆರವುಗೊಳಿಸುವುದು ‘ಎವಿಕ್ಟ್’; ಸಂಸ್ಥೆಯ ಸದಸ್ಯತ್ವದಿಂದ ಉಚ್ಚಾಟಿಸುವುದು ‘ಎಕ್ಸ್‌ಪೆಲ್’; ಹುದ್ದೆಯಿಂದ ತೆಗೆದುಹಾಕುವುದು ‘ರಿಮೂವ್’. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 49ನೇ ಪ್ರಕರಣದಂತೆ ಅವಿಶ್ವಾಸ ಗೊತ್ತುವಳಿಯಿಂದ ಅಧ್ಯಕ್ಷರು ಸ್ಥಾನ ಕಳೆದುಕೊಂಡಾಗ ಪತ್ರಿಕೆಯು ‘ಥ್ರೋನ್ ಔಟ್’ ಎನ್ನಬಹುದು. ನಡವಳಿ ಪುಸ್ತಕವು ಗೊತ್ತುವಳಿ ಅಂಗೀಕಾರವಾಯಿತೆಂದೇ ಹೇಳಬೇಕು.

ಆದುದರಿಂದ ಸದಸ್ಯರು ನಡವಳಿಗೆ ಸಹಿ ಮಾಡುವ ಮುನ್ನ ಮೂರು ಅಂಶಗಳನ್ನು ನೋಡುವುದು ಒಳಿತು: ಹೊರಹೋಗುವಂತೆ ಹೇಳಿದವರು ಯಾರು, ಯಾವ ಕಾರಣಕ್ಕೆ, ಆ ವ್ಯಕ್ತಿ ಹೊರಹೋದದ್ದು ಹೇಗೆ. ಇವು ಸ್ಪಷ್ಟವಾಗಿದ್ದರೆ ಯಾವ ಭಾಷೆಗೆ ಅನುವಾದಿಸಿದರೂ ಅರ್ಥ ಕೆಡುವುದಿಲ್ಲ.