ಚೆಕ್ಕರನ ಬಾಯಿ ಬಿಡು, ಬೀಡಿ ನೋಡು

ಮೊನ್ನೆ ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ನೀನು ಜಗಲಿಯಲ್ಲಿ ಮೊಬೈಲು ಹಿಡಿದು ಕುಳಿತಿದ್ದೆ. ರಾತ್ರಿ ಮಲಗಿದ ಲಕ್ಷಣ ಇರಲಿಲ್ಲ. ಎಂತ ಆಯಿತು ಮಾರಾಯಾ ಎಂದು ಕೇಳಿದರೆ, "ಅಜ್ಜೀ, ನಾನು ಮಾಡಿದ ಕಂಪ್ಯೂಟರ್ ಆಟ ಕಸ ಅಂತ ಒಬ್ಬ ಬರೆದಿದ್ದಾನೆ" ಅಂದಿ. ಬರೆದವರು ಒಟ್ಟು ಹನ್ನೊಂದು ಜನ. ಎಂಟು ಜನ ಚೆಂದ ಉಂಟು ಅಂದಿದ್ದರು. ಆ ಎಂಟರಲ್ಲಿ ಒಂದನ್ನಾದರೂ ಹೇಳು ನೋಡುವ ಅಂದೆ, ನಿನಗೆ ನೆನಪಾಗಲಿಲ್ಲ. ಉಳಿದ ಮೂರನ್ನು ಮಾತ್ರ ಮಗ್ಗಿಯ ಹಾಗೆ ಒಪ್ಪಿಸಿದೆ.

ಆ ದಿನ ಕಾಫಿ ಕೊಟ್ಟು ಮಲಗಿಸಿದೆ. ನಿದ್ದೆಗೆಟ್ಟವನಿಗೆ ಬುದ್ಧಿ ಹೇಳುವುದು ತೂತು ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ಅದಕ್ಕೆ ಈಗ ಬರೆಯುತ್ತಿದ್ದೇನೆ. ಮೂಡುಬಿದಿರೆ, ಉಜಿರೆ ಅಂತ ಓದಿ ಬಂದು ನಿನ್ನ ಹಾಗೆಯೇ ಕಂಪ್ಯೂಟರಿನ ಮುಂದೆ ಕೂತ ಮಕ್ಕಳು ಊರಿನಲ್ಲಿ ಇನ್ನೂ ಇದ್ದಾರೆ. ಅವರೂ ಓದಲಿ.

ನೀನು ಮಾಡಿದ್ದು ಸಣ್ಣ ಕೆಲಸ ಅಲ್ಲ, ಅದನ್ನು ಮೊದಲು ತಲೆಗೆ ಹಾಕಿಕೋ. ಗುರುಗ್ರಹದ ಚಂದ್ರ ಯುರೋಪಾ, ಅದರ ಮಂಜುಗಡ್ಡೆಯ ಅಡಿಯಲ್ಲಿ ಕಡಲು, ಆ ಕಡಲಿಗೆ ಒಂದು ಕಡವು, ಕಾಣೆಯಾದ ಅಂಬಿಗ, ಅವನನ್ನು ಹುಡುಕಿ ಹೊರಟ ಹುಡುಗಿ. ಈ ಕತೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಸೇತುವೆ ಆಗುವ ಮೊದಲು ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಲು ದೋಣಿಯೇ ಗತಿ ಎಂದು ನನ್ನ ಅಜ್ಜ ಹೇಳಿದ್ದನ್ನು ನಾನೇ ನಿನಗೆ ಹೇಳಿದ್ದು. 1974ರ ನೆರೆಯ ನೀರು ಹೇಗೆ ಏರಿತೆಂದು ಹೇಳಿದ್ದೂ ನಾನೇ. ನೀನು ಹೊಳೆಯನ್ನೂ ನೆರೆಯನ್ನೂ ಎತ್ತಿ ಆಕಾಶದಲ್ಲಿ ಇಟ್ಟೆ. ಆಡುವಾಗ ನನಗೆ ಕಣ್ಣು ತುಂಬಿ ಬಂತು. ಆದರೆ ಅದು ಅಜ್ಜಿಯ ಕಣ್ಣು, ಲೆಕ್ಕಕ್ಕೆ ಹಿಡಿಯಬೇಡ.

ದೂರನ್ನು ಹೇಗೆ ಕೇಳಬೇಕು ಎಂದು ನಾನು ಕಲಿತದ್ದು ಬೀಡಿಯಿಂದ, ಈಗ ಅದರ ವಿಷಯ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದದ್ದು ನಿನಗೆ ಗೊತ್ತು. ಅದಕ್ಕೆ ಮುಂಚೆ ಫೀಸು ಕಟ್ಟಲು ಬೀಡಿ ಕಟ್ಟಿದ್ದೂ ಗೊತ್ತು. ಹೇಗೆ ಕಟ್ಟಿದೆ ಅಂತ ಗೊತ್ತಿಲ್ಲ. ಆಗ ನಮ್ಮ ಬಂಟ್ವಾಳದ ಕಡೆ ಮನೆಮನೆಯ ಜಗಲಿಯಲ್ಲಿ ಹೆಂಗಸರ ಮಡಿಲಲ್ಲಿ ಗೆರಸೆ ಇರುತ್ತಿತ್ತು. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ ತೂಕ ಮಾಡಿ ಕೊಡುತ್ತಿದ್ದರು. ಎಲೆ ನೆನೆಸಬೇಕು. ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಹುಡಿ ಹಾಕಿ, ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಬೇಕು. ಇಪ್ಪತ್ತೈದಕ್ಕೆ ಒಂದು ಕಟ್ಟು, ಸಾವಿರಕ್ಕೆ ಇಂತಿಷ್ಟು ಮಜೂರಿ. ಒಯ್ದು ಕೊಡುವಲ್ಲಿ ಒಬ್ಬ ಚೆಕ್ಕರ್. ಅವನು ಕಟ್ಟನ್ನು ಅಂಗೈಯಲ್ಲಿ ಇಟ್ಟು ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಿದ್ದ, ಅಷ್ಟೆ.

ನನಗೆ ಹನ್ನೆರಡು ವರ್ಷ. ಮೊದಲ ಸಲ ನಾನೇ ಪೂರ್ತಿ ಕಟ್ಟಿದ ನಾಲ್ಕು ಕಟ್ಟು ಅಮ್ಮನ ಬೀಡಿಯ ಜೊತೆ ಹೋಯಿತು. ಚೆಕ್ಕರ್ ನಾಲ್ಕನ್ನೂ ಪಕ್ಕಕ್ಕೆ ಎಸೆದ. "ಇದೆಂತ ಬೀಡಿಯಾ, ದನದ ಬಾಲವಾ?" ಎಂದು ಅಷ್ಟು ಜನರ ಎದುರು ಕೇಳಿದ. ಎಲ್ಲರೂ ನಕ್ಕರು. ನಾನು ಮನೆಗೆ ಓಡಿಬಂದು ಅಕ್ಕಿಮುಡಿಯ ಹಿಂದೆ ಕುಳಿತು ಅತ್ತೆ. ಇನ್ನು ಆ ಬ್ರಾಂಚಿನ ಮೆಟ್ಟಿಲು ಹತ್ತುವುದಿಲ್ಲ ಅಂದೆ. ಅಮ್ಮ ಸಮಾಧಾನ ಮಾಡಲಿಲ್ಲ. ಎಸೆದ ಬೀಡಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಚಿಮಿಣಿ ದೀಪದ ಹತ್ತಿರ ಕುಳಿತು ಒಂದೊಂದೇ ಬಿಚ್ಚಿದಳು. "ಅವನು ಹೇಳಿದ್ದು ಕೇಳಿದಿ. ಬೀಡಿ ನೋಡಿದಿಯಾ?" ಅಂದಳು.

ನಾನು ನೋಡಿರಲಿಲ್ಲ. ನೋಡಿದೆ. ಎಲೆಯನ್ನು ಹೆಚ್ಚು ಹೊತ್ತು ನೆನೆಸಿದ್ದೆ. ಸುತ್ತುವಾಗ ಬಿಗಿ ಇದ್ದದ್ದು ಒಣಗುತ್ತಲೇ ಸಡಿಲವಾಗಿತ್ತು. ಸುತ್ತಿದ್ದರಲ್ಲಿ ತಪ್ಪಿಲ್ಲ, ತಪ್ಪಿದ್ದು ನೆನೆಸಿದ್ದರಲ್ಲಿ. ಚೆಕ್ಕರ್ ಅದನ್ನು ಹೇಳಲಿಲ್ಲ, ಹೇಳುವುದು ಅವನ ಕೆಲಸವೂ ಅಲ್ಲ. ಅವನ ಹೆಬ್ಬೆರಳಿಗೆ ಸಡಿಲ ಎಂದು ಗೊತ್ತಾಯಿತು, ಅವನ ಬಾಯಿಗೆ ದನದ ಬಾಲ ಬಂತು. ಮರುವಾರ ನನ್ನ ಒಂದು ಕಟ್ಟೂ ತಿರುಗಿ ಬರಲಿಲ್ಲ.

ಈಗ ನಿನ್ನ ಆ ಮೂರನ್ನು ತೆಗೆ. ಒಂದೊಂದೇ ಬಿಚ್ಚುವ.

ಮೊದಲನೆಯವನು ಬರೆದದ್ದು, ಮೂರನೇ ಕೋಣೆಯಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದೆ, ಕಸ ಆಟ ಅಂತ. ನೀನು ಕಸವನ್ನು ಹಿಡಿದುಕೊಂಡೆ, ಅರ್ಧ ಗಂಟೆಯನ್ನು ಬಿಟ್ಟೆ. ಮಗಾ, ಆ ದೋಣಿಯ ಕೋಣೆಯಲ್ಲಿ ನಾನೂ ಸಿಕ್ಕಿಬಿದ್ದಿದ್ದೆ. ಕಪ್ಪು ಗೋಡೆಯ ಮೇಲೆ ಕಡು ಕಂದು ಹಿಡಿಕೆ. ನನ್ನ ಕಣ್ಣಿನ ಪೊರೆಯ ದೋಷ ಇರಬೇಕು ಎಂದು ಸುಮ್ಮನಾದೆ. ಆಮೇಲೆ ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿಗೆ ಕೊಟ್ಟೆ. ಅವಳಿಗೂ ಕಾಣಲಿಲ್ಲ. ನಾನು ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವಳು. ಒಬ್ಬ ಹುಡುಗ ತಪ್ಪು ಬರೆದರೆ ಅವನು ಓದಿಲ್ಲ. ತರಗತಿಯ ಮುಕ್ಕಾಲು ಪಾಲು ಒಂದೇ ಪ್ರಶ್ನೆಯಲ್ಲಿ ತಪ್ಪಿದರೆ ಟೀಚರ್ ಪ್ರಶ್ನೆಯನ್ನು ತಿರುಗಿ ಓದಬೇಕು. "ಬುದ್ಧಿ ಇದ್ದವರಿಗೆ ಗೊತ್ತಾಗುತ್ತದೆ" ಎಂದು ನೀನು ಗೊಣಗಿದ್ದು ನನಗೆ ಕೇಳಿಸಿತು. ಆ ಮಾತು ನಿನ್ನ ಬಾಯಲ್ಲಿ ಚೆಂದ ಕಾಣಲಿಲ್ಲ. ಹಿಡಿಕೆ ಎಲ್ಲಿ ಇದೆ ಎಂದು ಇಟ್ಟವನಿಗೆ ಗೊತ್ತಿರುವುದು ಬುದ್ಧಿ ಅಲ್ಲ.

ಎರಡನೆಯವನು, ಕನ್ನಡ ಓದಲಿಕ್ಕೆ ಆಗುವುದಿಲ್ಲ ಅಂದ. ಅವನಿಗೆ ಕನ್ನಡ ಅಂದರೆ ಆಗದು ಎಂದು ನೀನು ತೀರ್ಮಾನ ಮಾಡಿದೆ. ಅಲ್ಲವೇ ಅಲ್ಲ. ಕನ್ನಡ ಓದಲು ಕುಳಿತವನಿಗೆ ಮಾತ್ರ ಆ ನೋವು ಆಗುವುದು. ನಿನ್ನ ಆಟದಲ್ಲಿ ಬಂಟ್ವಾಳ ಎಂಬುದು ಬಂಟ್‌ವಾಳ ಎಂದು ಒಡೆದು ಬಿದ್ದಿದೆ, ಒತ್ತು ಕೆಳಗೆ ಇಳಿಯುವುದಿಲ್ಲ. ಆಟ ಕಟ್ಟುವ ತಂತ್ರಾಂಶ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊಗೆ ನಮ್ಮ ಒತ್ತಕ್ಷರ ಜೋಡಿಸುವ ವಿದ್ಯೆ ಇಲ್ಲ, 2023ರಲ್ಲಿ ಬಂದ ಅಂಥದ್ದೇ ಇನ್ನೊಂದು, ಗೊಡೊ 4ಕ್ಕೆ ಆ ವಿದ್ಯೆ ಉಂಟು ಎಂದು ನನಗೆ ವಿವರಿಸಿದವನು ನೀನೇ. ಗೊತ್ತಿದ್ದೂ ಯಾಕೆ ಬಿಟ್ಟೆ? ಇಂಗ್ಲಿಷಿನಲ್ಲಿ ಸರಿ ಕಾಣುತ್ತದೆ, ಕನ್ನಡದಲ್ಲಿ ಯಾರು ಆಡುತ್ತಾರೆ ಅಂತಲ್ಲವಾ? ಒಬ್ಬ ಆಡಿದ. ಇಲ್ಲೇ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆ ರೂಪಿಸಿ, ಸೇಡಿಯಾಪು ಎಂಬ ತಂತ್ರಾಂಶ ಬರೆದು, ಜನರಿಗೆ ಪುಕ್ಕಟೆ ಕೊಟ್ಟರು. ಅಂಥವರ ನೆರೆಕರೆಯಲ್ಲಿ ಹುಟ್ಟಿದ ನೀನು ಒತ್ತಕ್ಷರವನ್ನು ಅನಾಥ ಬಿಡಬಾರದು. ಅಕ್ಷರವನ್ನು ಚಿತ್ರ ಮಾಡಿಯಾದರೂ ಹಾಕು, ಬೇಕಾದರೆ ತಿಂಗಳು ಹಿಡಿಯಲಿ. ಆ ಮನುಷ್ಯನಿಗೆ ಎರಡು ಸಾಲು ಬರೆದು ಕೃತಜ್ಞತೆ ಹೇಳು.

ಮೂರನೆಯವನು ಒಂದೂವರೆ ಗಂಟೆಯಲ್ಲಿ ಮುಗಿಯಿತು ಎಂದು ದುಡ್ಡು ವಾಪಸು ತೆಗೆದುಕೊಂಡ. ನಿನ್ನ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮಿನಲ್ಲಿ ಕೊಂಡ 14 ದಿನದ ಒಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ಹಿಂದೆ ಕೊಡುತ್ತಾರೆ. 2015ರಿಂದ ಹಾಗೆ ಉಂಟು. ಪೂರ್ತಿ ಆಡಿ ಮುಗಿಸಿ ಹಿಂದೆ ಕೇಳುವುದು ಊಟ ಮಾಡಿ ಎಲೆ ತೋರಿಸಿದ ಹಾಗೆ, ಒಪ್ಪುತ್ತೇನೆ. ಅದಕ್ಕೆ ನೀನು ಇನ್ನೊಂದು ಗಂಟೆ ಸೇರಿಸುತ್ತೇನೆ, ಅಂಬಿಗನನ್ನು ಇನ್ನೂ ನಾಲ್ಕು ಕೋಣೆ ಹುಡುಕಿಸುತ್ತೇನೆ ಎಂದು ಹೊರಟಿದ್ದೀ. ಬೇಡ. ಹುಳಿಗೆ ನೀರು ಹೊಯ್ದು ಹೆಚ್ಚು ಮಾಡಬೇಡ.

ನಮ್ಮ ಕಡೆ ಆಟಕ್ಕೆ ಹೋಗುವುದು ಅಂದರೆ ಯಕ್ಷಗಾನಕ್ಕೆ ಹೋಗುವುದು. ಬೆಳಗಿನವರೆಗೆ ಕುಳಿತು ನೋಡಿದವಳು ನಾನು. ಈಗ ಕಾಲಮಿತಿಯ ಆಟ ಬಂದಿದೆ, ಮಧ್ಯರಾತ್ರಿಗೆ ಮಂಗಳ. ಮೊದಮೊದಲು ಬೇಸರವಾಯಿತು. ಆಮೇಲೆ ನೋಡಿದೆ: ಕಾಲಮಿತಿ ಆದಮೇಲೂ ಒಳ್ಳೆಯ ಭಾಗವತರು ಒಂದು ಪದ್ಯವನ್ನೂ ಓಡಿಸುವುದಿಲ್ಲ. ಬಿಟ್ಟರೆ ಪೂರ್ತಿ ಬಿಡುತ್ತಾರೆ, ಹಿಡಿದರೆ ಪೂರ್ತಿ ಹಾಡುತ್ತಾರೆ. ನಿಮ್ಮ ಕಂಪ್ಯೂಟರ್ ಆಟಗಳಲ್ಲೂ ಹಾಗೆಯೇ. ಎ ಶಾರ್ಟ್ ಹೈಕ್ ಎಂಬ ಗುಡ್ಡ ಹತ್ತುವ ಆಟ ಸುಮಾರು ಎರಡು ಗಂಟೆಯದ್ದು, ಹೆಚ್ಚಿನ ಪಾಲು ಒಬ್ಬನೇ ಕಟ್ಟಿದ್ದು. 2020ರಲ್ಲಿ ಸ್ವತಂತ್ರ ಆಟಗಳ ಹಬ್ಬದಲ್ಲಿ ದೊಡ್ಡ ಬಹುಮಾನ ಅದಕ್ಕೇ ಹೋಯಿತು. ಕೆನಡಾದಲ್ಲಿ ಒಂದು ತಮಿಳು ಸಂಸಾರದ ಅಡುಗೆಮನೆಯನ್ನು ಆಟ ಮಾಡಿದ ವೆಂಬಾ ಕೂಡ ಸಣ್ಣದೇ. 2024ರಲ್ಲಿ ಚೊಚ್ಚಲ ಆಟಕ್ಕೆ ಕೊಡುವ ಬಾಫ್ಟಾ ಪ್ರಶಸ್ತಿ ಪಡೆಯಿತು. ನಿನ್ನದು ಒಂದೂವರೆ ಗಂಟೆಯ ಕತೆ. ಅದನ್ನು ಅಂಗಡಿಯ ಪುಟದಲ್ಲಿ ಮೊದಲ ಸಾಲಿನಲ್ಲೇ ಹೇಳು. ತಿಳಿದು ಬಂದವನು ದೂರುವುದಿಲ್ಲ. ನಿನ್ನ ಪುಟದಲ್ಲಿ "ಅನಂತ ಕಡಲು" ಎಂದು ಬರೆದದ್ದನ್ನು ಇವತ್ತೇ ತೆಗೆ. ಕಡಲು ಎಲ್ಲಿಯವರೆಗೆ ಉಂಟು ಎಂದು ನನಗೆ ಗೊತ್ತು, ನಾಲ್ಕನೇ ಕೋಣೆಯ ಗೋಡೆಯವರೆಗೆ.

ಇಲ್ಲದ್ದನ್ನು ಉಂಟು ಎನ್ನುವುದು ತಮಾಷೆಯ ವಿಷಯ ಅಲ್ಲ. 2016ರಲ್ಲಿ ಇಂಗ್ಲೆಂಡಿನ ಸಣ್ಣ ತಂಡವೊಂದು ನೋ ಮ್ಯಾನ್ಸ್ ಸ್ಕೈ ಎಂಬ ಆಕಾಶಯಾನದ ಆಟ ಬಿಟ್ಟಿತು. ಮಾತು ಬೆಟ್ಟದಷ್ಟು ಆಗಿತ್ತು, ಕೊಟ್ಟದ್ದು ಅಷ್ಟಿರಲಿಲ್ಲ. ಜನ ಹಿಗ್ಗಾಮುಗ್ಗಾ ಬೈದರು. ಆ ತಂಡ ವಾದಕ್ಕೆ ನಿಲ್ಲಲಿಲ್ಲ. ಬಾಯಿ ಮುಚ್ಚಿ ಕೆಲಸಕ್ಕೆ ಕುಳಿತಿತು, ವರ್ಷಗಟ್ಟಲೆ ಪುಕ್ಕಟೆಯಾಗಿ ಸೇರಿಸುತ್ತ ಹೋಯಿತು. 2024ರ ಹೊತ್ತಿಗೆ ಅದೇ ಸ್ಟೀಮಿನಲ್ಲಿ ಒಟ್ಟು ಅಭಿಪ್ರಾಯ 'ಬಹಳ ಒಳ್ಳೆಯದು' ಎಂಬಲ್ಲಿಗೆ ಮುಟ್ಟಿತು. ಎಂಟು ವರ್ಷ, ಮಗಾ. ನೀನು ಒಂದೇ ರಾತ್ರಿಯಲ್ಲಿ ಮೂರು ಸಲ ತಿದ್ದುಪಡಿ ಹಾಕಿದೆ. ಎರಡನೆಯದು ಮೊದಲನೆಯದನ್ನು ಕೆಡಿಸಿತು, ಮೂರನೆಯದು ನನ್ನ ಉಳಿಸಿಟ್ಟ ಆಟವನ್ನು ನುಂಗಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬಂದ ದೂರನ್ನೆಲ್ಲ ಒಂದು ಪುಸ್ತಕದಲ್ಲಿ ಪೆನ್ನಿನಿಂದ ಬರೆ. ಒಂದು ವಾರ ಇಡು. ಅದೇ ದೂರು ಇನ್ನೊಬ್ಬನ ಬಾಯಲ್ಲೂ ಬಂದರೆ ಪಕ್ಕದಲ್ಲಿ ಒಂದು ಗೆರೆ ಎಳೆ. ಗೆರೆ ಹೆಚ್ಚಾದಲ್ಲಿಗೆ ಮೊದಲು ಕೈ ಹಾಕು.

ಎಲ್ಲ ದೂರೂ ಸತ್ಯ ಎಂದು ನಾನು ಹೇಳುವುದಿಲ್ಲ. ಸರಿ ಇದ್ದ ಬೀಡಿಯನ್ನೂ ಎಸೆದ ಚೆಕ್ಕರನನ್ನು ನಾನು ನೋಡಿದ್ದೇನೆ. ಎಸೆದ ಬೀಡಿಗೆ ಮಜೂರಿ ಕೊಡಬೇಕಾಗಿಲ್ಲವಲ್ಲ, ಅದು ಅನ್ಯಾಯವೇ. ಅಮ್ಮ ಅಂಥ ದಿನವೂ ಮನೆಗೆ ತಂದು ಬಿಚ್ಚಿ ನೋಡುತ್ತಿದ್ದಳು. ತಪ್ಪು ಸಿಗದಿದ್ದರೆ ಒಲೆಯ ಮುಂದೆ ಹೋಗಿ ಅನ್ನಕ್ಕೆ ನೀರು ಇಡುತ್ತಿದ್ದಳು. ಆ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರುತ್ತಿರಲಿಲ್ಲ. ನೀನೂ ನೋಡು. ಬರೀ ಬೈಗುಳ, ಬೀಡಿಯಲ್ಲಿ ಏನೂ ಇಲ್ಲ ಎಂದಾದರೆ ಬಿಟ್ಟುಬಿಡು. ಉತ್ತರ ಬರೆಯಲು ಹೋಗಬೇಡ. ರಾತ್ರಿ ಹನ್ನೆರಡರ ಮೇಲಂತೂ ಒಂದಕ್ಷರ ಬರೆಯಬೇಡ.

ಹೊಗಳಿಕೆಯನ್ನೂ ಹೀಗೆಯೇ ಬಿಚ್ಚಿ ನೋಡು. ಎಂಟರಲ್ಲಿ ಐದು ನಿನ್ನ ಹಾಸ್ಟೆಲ್ ಗೆಳೆಯರದ್ದು. ಆಟವನ್ನು ಪುಕ್ಕಟೆ ತೆರೆಯುವ ಕೀ ಹಂಚಿ ಬರೆಸಿದ್ದೀ. ಪುಕ್ಕಟೆ ಕೀಯಿಂದ ಆಡಿದವರ ಅಭಿಪ್ರಾಯವನ್ನು ಸ್ಟೀಮಿನವರು 2016ರಿಂದ ಅಂಕಕ್ಕೆ ಸೇರಿಸುವುದಿಲ್ಲ. ಅವರೇ ಸೇರಿಸದ್ದನ್ನು ನೀನು ಎಣಿಸಿ ಏನು ಮಾಡುತ್ತೀ?

ಕನ್ನಡ ಓದಲಾಗದು ಅಂದವನ ವಿಷಯ ಇನ್ನೊಮ್ಮೆ ಹೇಳುತ್ತೇನೆ. ಅವನು ಬರೆದದ್ದು ಮೂರು ಪ್ಯಾರಾ. ಎಲ್ಲೆಲ್ಲಿ ಒತ್ತು ಬಿದ್ದಿದೆ ಎಂದು ಕೋಣೆ ಕೋಣೆಯ ಲೆಕ್ಕ ಕೊಟ್ಟಿದ್ದಾನೆ. ಬಿಟ್ಟು ಹೋಗುವವನು ಅಷ್ಟು ಬರೆಯುವುದಿಲ್ಲ. ನಿನ್ನದರಂಥ ಸಾಹಸದ ಆಟಗಳಿಗೆಲ್ಲ ಮೂಲ ಯಾವುದು ಎಂದು ನೀನು ಹೇಳಿದ್ದೆಯಲ್ಲ, ಗುಹೆಯ ಆಟ. ಅಮೆರಿಕದ ವಿಲ್ ಕ್ರೌದರ್ ಎಂಬವರು ಗುಹೆ ಹೊಕ್ಕು ನಕ್ಷೆ ಬರೆಯುವ ಹವ್ಯಾಸದವರು. ಮದುವೆ ಮುರಿದ ಮೇಲೆ ತನ್ನ ಇಬ್ಬರು ಹೆಣ್ಣುಮಕ್ಕಳಿಗಾಗಿ 1976ರ ಸುಮಾರಿಗೆ ಬರೀ ಅಕ್ಷರದಲ್ಲಿ ಅದನ್ನು ಕಟ್ಟಿದರು. ಡಾನ್ ವುಡ್ಸ್ ಎಂಬ ವಿದ್ಯಾರ್ಥಿಗೆ ಅದರ ಪ್ರತಿ ಸಿಕ್ಕಿತು. ತಪ್ಪು ತಿದ್ದಿ ಬೆಳೆಸಬೇಕು ಅನ್ನಿಸಿತು. ಕ್ರೌದರ್ ಎಲ್ಲಿದ್ದಾರೆ ಎಂದು ಗೊತ್ತಿಲ್ಲ. ಆಗಿನ ಆರ್ಪಾನೆಟ್ ಜಾಲದ ಒಂದೊಂದು ಕಂಪ್ಯೂಟರಿಗೂ ಕ್ರೌದರ್ ಹೆಸರಿಗೆ ಪತ್ರ ಕಳಿಸಿದ. ಒಂದು ಮುಟ್ಟಿತು. ಕ್ರೌದರ್ ಒಪ್ಪಿದರು. 1977ರಲ್ಲಿ ಇಬ್ಬರ ಕೈಯಿಂದ ಬೆಳೆದ ಆ ಆಟವೇ ಲೋಕ ತಿರುಗಿತು. ಮೂರು ಪ್ಯಾರಾ ಬರೆದವನು ನಿನ್ನ ವುಡ್ಸ್. ಅವನನ್ನು ಕಳೆದುಕೊಳ್ಳಬೇಡ.

ಇನ್ನು ಒಂದು ಕೆಲಸ ಹೇಳುತ್ತೇನೆ, ಮಾಡಲೇಬೇಕು. ಯಕ್ಷಗಾನದ ಬಯಲಿನಲ್ಲಿ ಚರುಮುರಿ ಮಾರುವವನನ್ನು ನೋಡಿದ್ದೀಯಲ್ಲ. ಅವನು ರಂಗಸ್ಥಳದ ಕಡೆಗೆ ತಿರುಗಿಯೂ ನೋಡುವುದಿಲ್ಲ, ಆದರೆ ಆಟ ಎಲ್ಲಿ ಸಡಿಲವಾಯಿತು ಎಂದು ಅವನಿಗೆ ಗೊತ್ತು. ಪ್ರಸಂಗ ಬಿಗಿ ಇದ್ದಾಗ ಅವನ ಹತ್ತಿರ ಯಾರೂ ಬರುವುದಿಲ್ಲ. ಸಡಿಲವಾದರೆ ಒಟ್ಟಿಗೆ ಹತ್ತು ಕೈ. ಜನ ಬಾಯಲ್ಲಿ "ಒಳ್ಳೆ ಆಟ" ಎಂದು ಹೇಳಿ ಹೋದರೂ ಕಾಲು ಎದ್ದು ಬಂದದ್ದು ಸುಳ್ಳಾಗುವುದಿಲ್ಲ. ನಿನ್ನ ಆಟ ಆಡುವವರ ಕಾಲು ನಿನಗೆ ಕಾಣುವುದಿಲ್ಲ. ಅದಕ್ಕೆ ಒಂದು ಏರ್ಪಾಡು ಮಾಡಿದ್ದೇನೆ.

ಬರುವ ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಾ. ಪಕ್ಕದ ಮನೆಯ ಹುಡುಗಿಯೂ ಮೇಲ್ಕಾರಿನಿಂದ ಅವಳ ಮೂವರು ಗೆಳತಿಯರೂ ಹತ್ತು ಗಂಟೆಗೆ ಬರುತ್ತಾರೆ. ಅವರಿಗೆ ಕಡಲೆ, ಗೋಳಿಬಜೆ ನನ್ನ ಲೆಕ್ಕ. ಅವರು ಆಡಲಿ. ನೀನು ಹಿಂದಿನ ಬೆಂಚಿನಲ್ಲಿ ಪುಸ್ತಕ, ಪೆನ್ನು ಹಿಡಿದು ಕುಳಿತುಕೋ. ಹಿಡಿಕೆ ಎಲ್ಲಿದೆ ಎಂದು ಬೆರಳು ತೋರಿಸಬಾರದು, ಬಾಯಿ ಬಿಡಬಾರದು. ಯಾರು ಯಾವಾಗ ಗೋಳಿಬಜೆಗೆ ಕೈ ಹಾಕಿದರು ಎಂದು ಬರೆದುಕೋ.