ಹಲಗೆಯ ಮೇಲೆ ತಪ್ಪಾದ ಒಂದು ವಾಕ್ಯ: ವಾಯುಭಾರದ ಪಾಠದ ಅನುಭವ

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಯ 'ಎ' ವಿಭಾಗಕ್ಕೆ ವಾಯುಭಾರದ ಪಾಠ ಮಾಡಿದೆ. ಬಿ.ಇಡಿ. ಸೇರುವ ಮೊದಲು ಗೆಳೆಯನೊಬ್ಬನ ಜೊತೆ ಮನಾಲಿಯಿಂದ ಲೇಹ್‌ಗೆ ಸೈಕಲ್ ಪ್ರವಾಸ ಮಾಡಿದ್ದೆ. ಪೀಠಿಕೆಗೆ ಅದನ್ನೇ ಬಳಸಿದೆ. ನಕಾಶೆಯಲ್ಲಿ ದಾರಿ ತೋರಿಸಿ, "ತಂಗ್ಲಾಂಗ್ ಲಾ ಕಣಿವೆದಾರಿ ಸುಮಾರು 5,300 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೂರು ಹೆಜ್ಜೆ ಸೈಕಲ್ ತಳ್ಳಿದರೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು. ಏಕೆ?" ಎಂದು ಕೇಳಿದೆ.

"ಆಕ್ಸಿಜನ್ ಕಡಿಮೆ ಸರ್" ಎಂದು ತರಗತಿಯೆಲ್ಲ ಹೇಳಿತು. ಬೇಕಾದ ಉತ್ತರ ಬಂದ ಖುಷಿಯಲ್ಲಿ 'ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಶೇಕಡಾ ಪ್ರಮಾಣ ಇಳಿಯುತ್ತದೆ' ಎಂದು ಹಲಗೆಯ ಮೇಲೆ ಬರೆದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಇಲ್ಲಿ 21 ಪರ್ಸೆಂಟ್ ಅಂತ ಓದಿದ್ವಿ. ಅಲ್ಲಿ 10 ಇದ್ರೆ ಉಳಿದ ಜಾಗದಲ್ಲಿ ಯಾವ ಗ್ಯಾಸ್ ಇರುತ್ತೆ ಸರ್?"

ನನ್ನ ಬಳಿ ಉತ್ತರವಿರಲಿಲ್ಲ. "ನಾಳೆ ನೋಡೋಣ" ಎಂದೆ. ವೀಕ್ಷಣಾ ಪುಸ್ತಕದಲ್ಲಿ ಮೇಡಂ ಎರಡೇ ಮಾತು ಬರೆದಿದ್ದರು: 'ಪ್ರಶ್ನೆ ಸರಿ. ಹಲಗೆ ತಪ್ಪು.'

ತಂಗ್ಲಾಂಗ್ ಲಾದ ಗಾಳಿಯಲ್ಲೂ ಆಮ್ಲಜನಕ ಸುಮಾರು ಶೇಕಡಾ 21 ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಆ ಎತ್ತರದಲ್ಲಿ ಅದು ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಒಂದು ಉಸಿರಿಗೆ ಸಿಗುವ ಎಲ್ಲ ಅನಿಲಗಳ ಅಣುಗಳೂ ಅರ್ಧವಾಗುತ್ತವೆ. ಅಲ್ಲಿ ಏದುಸಿರು ಬಿಟ್ಟವನು ನಾನೇ, ಆದರೂ ಕಾರಣ ತಿಳಿದಿರಲಿಲ್ಲ. ಅನುಭವವಿದ್ದರೆ ಪಾಠಕ್ಕೆ ತಯಾರಿ ಬೇಡವೆಂದು ನಂಬಿದ್ದೆ.

'ಬಿ' ವಿಭಾಗಕ್ಕೆ ಪಾಠಯೋಜನೆ ಬದಲಿಸಿದೆ. ನೆಲದ ಮೇಲೆ ಒಂದೇ ಅಳತೆಯ ಎರಡು ಚೌಕ ಬರೆಸಿದೆ. ಒಂದರಲ್ಲಿ 100 ಕಾಳು: 21 ಕೆಂಪು ಅಲಸಂದೆ, 79 ಬಿಳಿ ಅವರೆ. ಇನ್ನೊಂದರಲ್ಲಿ 52 ಕಾಳು, ಅದರಲ್ಲಿ ಕೆಂಪು 11. ಮಕ್ಕಳೇ ಎಣಿಸಿ ಲೆಕ್ಕ ಹಾಕಿದರು. ಎರಡರಲ್ಲೂ ಶೇಕಡಾ 21 ಬಂದಾಗ ಒಬ್ಬ ತಪ್ಪಿರಬೇಕೆಂದು ಮತ್ತೆ ಎಣಿಸಿದ. ಬಳಿಕ ತಂಗ್ಲಾಂಗ್ ಲಾದಲ್ಲಿ ಮುಚ್ಚಳ ಬಿಗಿದು ತಂದಿದ್ದ ಖಾಲಿ ನೀರಿನ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿದೆ. ಕೆಳಗಿಳಿದಂತೆ ಹೊರಗಿನ ಗಾಳಿ ಅದನ್ನು ಒತ್ತಿ ಚಪ್ಪಟೆ ಮಾಡಿತ್ತು. ಅದನ್ನು ಹೇಗೋ ಎಸೆಯದೆ ಇಟ್ಟುಕೊಂಡಿದ್ದೆ, ನನ್ನ ಬೋಧನೋಪಕರಣಗಳಲ್ಲಿ ಖರ್ಚಿಲ್ಲದ್ದು ಇದೊಂದೇ. (ಕಾಳಿನ ಮಾದರಿಗೂ ಕೊರತೆಯಿದೆ. ಕಾಳು ಬಿದ್ದಲ್ಲೇ ಇರುತ್ತದೆ, ಅಣು ಹಾಗಿರುವುದಿಲ್ಲ. ಇದನ್ನು ಮಕ್ಕಳಿಗೆ ಹೇಳಿದೆ.)

"ಉಸಿರು ಕಟ್ಟೋ ಜಾಗವಾದ್ರೆ ಬೇಗ ಬೇಗ ದಾಟಿಬಿಡಬೇಕಲ್ವಾ ಸರ್?" ಎಂದು ಒಬ್ಬ ಕೇಳಿದ. ಆಗ ಗೆಳೆಯನ ವಿಷಯ ಹೇಳಬೇಕಾಯಿತು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ಕಡಿಮೆ ಒತ್ತಡಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ಅವನು ಸುಮಾರು 3,200 ಮೀಟರಿನ ಜಿಸ್ಪಾ ಬಿಟ್ಟವನು ಒಂದು ದಿನ ಉಳಿಸುವ ಹಟದಲ್ಲಿ ಅಂದೇ 4,290 ಮೀಟರಿನ ಸರ್ಚು ತಲುಪಿದ. ನಾನು ನಡುವೆ ಉಳಿದು ಮರುದಿನ ಸೇರಿಕೊಂಡಾಗ ತಲೆನೋವು, ವಾಂತಿಯಲ್ಲಿ ಡೇರೆಯೊಳಗೆ ಮಲಗಿದ್ದ. ಇದಕ್ಕೆ ಮದ್ದು ಕೆಳಗಿಳಿಯುವುದು. ಆದರೆ ಸರ್ಚುವಿನಿಂದ ಯಾವ ಕಡೆಗೆ ಇಳಿಯಬೇಕಾದರೂ ಮೊದಲು ಹತ್ತಬೇಕು: ಹಿಂದೆ ಸುಮಾರು 4,890 ಮೀಟರಿನ ಬಾರಾಲಾಚಾ ಲಾ, ಮುಂದೆ ಗಾಟಾ ಲೂಪ್ಸ್‌ನ 21 ತಿರುವು ದಾಟಿ 5,000 ಮೀಟರ್ ಮೀರಿದ ಲಾಚುಲುಂಗ್ ಲಾ. ಲಾರಿಯೊಂದರಲ್ಲಿ ಅವನನ್ನು ವಾಪಸ್ ಕೀಲಾಂಗ್‌ಗೆ ಕರೆದೊಯ್ದೆ. ತರಗತಿಯಲ್ಲಿ ಸದ್ದಿರಲಿಲ್ಲ.

ಮರುದಿನ 'ಎ' ವಿಭಾಗಕ್ಕೆ ಹೋಗಿ ಹಳೆಯ ವಾಕ್ಯವನ್ನು ಹಾಗೆಯೇ ಮತ್ತೆ ಹಲಗೆಯ ಮೇಲೆ ಬರೆದೆ. ಕಾಳಿನ ಡಬ್ಬಿಯನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಎಣಿಸಿ ಮುಗಿಸಿದ ಮೇಲೆ ಡಸ್ಟರ್ ತೆಗೆದುಕೊಂಡು 'ಶೇಕಡಾ ಪ್ರಮಾಣ' ಎಂಬಷ್ಟನ್ನು ಒರೆಸಿ, ಏನು ಬರೆಯಲಿ ಎಂದು ನನ್ನ ಕಡೆ ನೋಡದೆ ಪಕ್ಕದವಳನ್ನು ಕೇಳಿದಳು.